ಮೂರು ಹನಿ, ಒಂದು ಹನಿ

ಮಾಳವ್ವನ ಬುದ್ಧಿಯ ಅಳತೆ ಮೂವತ್ತೆಂಟು ಎಂದು ಸರ್ಕಾರ ತೀರ್ಮಾನಿಸಿದಾಗ ಅವಳಿಗೆ ಏಳು ವರ್ಷ. ಶಾಲೆಯ ಜಗುಲಿಯ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹತ್ತಿ ಸುತ್ತಿದ ಕಡ್ಡಿಯನ್ನು ಒಬ್ಬೊಬ್ಬರ ಬಾಯಲ್ಲಿ ಆಡಿಸಿ, ಎಂಜಲನ್ನು ಒಂದು ಪೆಟ್ಟಿಗೆಯೊಳಗೆ ಇಟ್ಟರು. ಪೆಟ್ಟಿಗೆ ಒಂದು ತಾಸು ಗುಂಯ್‌ಗುಟ್ಟಿ ಚೀಟಿಗಳನ್ನು ಉಗುಳಿತು. ಅದೇ ಸಾಲಿನಲ್ಲಿದ್ದ, ಅವಳಿಗಿಂತ ಎರಡು ವರ್ಷ ದೊಡ್ಡವನಾದ ಅಣ್ಣ ಮಾಲತೇಶನ ಚೀಟಿಯಲ್ಲಿ ಎಪ್ಪತ್ತನಾಲ್ಕು ಎಂದಿತ್ತು. ಶಿಬಿರದವರು ಅವನ ಕೈಗೆ ಒಂದು ಕರಪತ್ರವನ್ನೂ ಕೊಟ್ಟರು: ‘ಹೆಚ್ಚಿನ ಗ್ರಹಣಾಂಕದ ಮಗು ನಾಡಿನ ಆಸ್ತಿ. ಪೌಷ್ಟಿಕ ಆಹಾರ ಕೊಡಿ.’ ಮಾಳವ್ವನಿಗೆ ಕರಪತ್ರ ಸಿಗಲಿಲ್ಲ. ಮೂವತ್ತೆಂಟಕ್ಕೆ ಏನು ತಿನ್ನಿಸಬೇಕೆಂದು ಯಾರೂ ಅಚ್ಚು ಹಾಕಿಸಿರಲಿಲ್ಲ.

ಗ್ರಹಣಾಂಕ ಎಂದರೆ ದೊಡ್ಡ ಮಂತ್ರವೇನಲ್ಲ. ಪದವಿ ಪಡೆದ ಎಂಟು ಲಕ್ಷ ಜನರ ವಂಶವಾಹಿಗಳನ್ನು ಯಂತ್ರಕ್ಕೆ ತೋರಿಸಿದರು, ಪದವಿ ಇಲ್ಲದ ಎಂಟು ಲಕ್ಷ ಜನರದ್ದನ್ನೂ ತೋರಿಸಿದರು. ಮೊದಲಿನವರಲ್ಲಿ ಹೆಚ್ಚಾಗಿ ಕಂಡ ಗುರುತುಗಳಿಗೆಲ್ಲ ಒಂದೊಂದು ಅಂಕ ಎಂದರು. ಹೊಸ ಮಗುವಿನ ಎಂಜಲಿನಲ್ಲಿ ಅಂಥ ಗುರುತು ಎಷ್ಟಿವೆಯೋ ಅಷ್ಟು ಅದರ ಬುದ್ಧಿ. ಪದವಿ ಪಡೆದ ಆ ಎಂಟು ಲಕ್ಷ ಜನ ಯಾವ ಬೀದಿಯವರು, ಅವರ ತಾತ ಮುತ್ತಾತಂದಿರು ಏನು ಮಾಡುತ್ತಿದ್ದರು ಎಂದು ಯಂತ್ರ ಕೇಳಲಿಲ್ಲ, ಯಂತ್ರ ಮಾಡಿದವರಿಗೂ ಕೇಳಬೇಕು ಅನ್ನಿಸಲಿಲ್ಲ. ಅದು ಹುಡುಕಿದ್ದು ಬುದ್ಧಿಯನ್ನಲ್ಲ, ಮೊದಲೇ ಬೆಂಚಿನ ಮೇಲೆ ಕೂತಿದ್ದವರನ್ನು. ಆದರೂ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಅಂಕ ನೋಡಿ ಓದು ಹಂಚುವ ಕಾಯ್ದೆ ಬಂತು, ಜಾತಕ ಬರೆಯುವವರ ಅಂಗಡಿಗಳು ಮುಚ್ಚಿದವು, ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಅಂಕದ ಚೀಟಿ ಕೇಳಲು ಶುರು ಮಾಡಿದರು.

ಆ ಕಾಯ್ದೆ ಆಗುವಂತೆ ಮಾಡಿದ್ದು ಎರಡು ಸಾಲಿನ, ಅಂದರೆ ಎರಡು ವಂಶದ ನೊಣಗಳು. ಆ ನೊಣಗಳು ಇದ್ದದ್ದು ವರದಾ ವಿಶ್ವವಿದ್ಯಾಲಯದಲ್ಲಿ. ಅವುಗಳಿಗೆ ಅಡುಗೆ ಮಾಡಿ ಹಾಕುತ್ತಿದ್ದವಳು ಮಾಳವ್ವನ ಅವ್ವ ದ್ಯಾಮವ್ವ.

*

ನಲವತ್ತಕ್ಕಿಂತ ಕಡಿಮೆ ಅಂಕದವರಿಗೆ ಪದವಿಯ ಬಾಗಿಲು ಮುಚ್ಚಿತ್ತು. ಪಿಯುಸಿಯಲ್ಲಿ ತೊಂಬತ್ತರ ಮೇಲೆ ತೆಗೆದವರಿಗೆ ಮಾತ್ರ ಒಂದು ಸಣ್ಣ ಕಿಂಡಿ ಬಿಟ್ಟಿದ್ದರು. ಒಂದು ಸೆಮಿಸ್ಟರ್ ಕೂತು ಓದಬಹುದು, ಕೊನೆಗೆ ಪರಿಶೀಲನಾ ಸಮಿತಿ ಕರೆದು ನೋಡುತ್ತದೆ, ಇಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಹೊಲಿಗೆ ತರಬೇತಿಗೋ ಗೋದಾಮಿಗೋ ಕಳಿಸುತ್ತದೆ. ಮಾಳವ್ವ ತೊಂಬತ್ತಾರು ತೆಗೆದಿದ್ದಳು. ವಿಜ್ಞಾನ ಪದವಿಯ ಮೊದಲ ವರ್ಷದಲ್ಲಿ ಅವಳಂಥವರು ಇಪ್ಪತ್ತಾರು ಜನ. ಅವರ ಗುರುತಿನ ಚೀಟಿಗೆ ಕೆಂಪು ಪಟ್ಟಿ, ಕೂರುವುದು ಹಿಂದಿನ ಮೂರು ಬೆಂಚು. ಆ ಕಿಂಡಿಯಿಂದ ಒಳಗೆ ಬಂದ ಮಾಳವ್ವನಿಗೆ ಹೊರಗೆ ಹೋಗುವ ಮನಸ್ಸು ಖಂಡಿತ ಇರಲಿಲ್ಲ.

ತಳಿವಿಜ್ಞಾನದ ಮೊದಲ ಪಾಠವನ್ನು ಪ್ರೊಫೆಸರ್ ವೀರೇಂದ್ರ ಕೊಟಬಾಗಿಯವರೇ ಮಾಡಿದರು. ಎತ್ತರದ ಆಳು, ಇಸ್ತ್ರಿ ಮುರಿಯದ ಅಂಗಿ, ಮಾತು ತೂಗಿ ಆಡುವ ಅಭ್ಯಾಸ. ಬಟಾಣಿ ಗಿಡದ ಉದ್ದ ಗಿಡ್ಡ ಹೇಳಿ, ಪೀಳಿಗೆಯಿಂದ ಪೀಳಿಗೆಗೆ ಆಯ್ಕೆ ನಡೆದು ಜೀವಿಗಳು ಹೇಗೆ ಬದಲಾಗುತ್ತವೆ ಎಂದು ಹೇಳಿ, ಕಡೆಗೆ ಬೋರ್ಡಿನ ಮೇಲೆ ಒಂದು ಸಾಲು ಬರೆದರು: ಕಾಣುವ ಗುಣ ಸಮ ವಂಶವಾಹಿ ಕೂಡಿಸು ಪರಿಸರ.

“ಈ ಎರಡನೆಯದು ಸಣ್ಣದು,” ಎಂದು ಡಸ್ಟರಿನ ತುದಿಯಿಂದ ಪರಿಸರ ಎಂಬ ಶಬ್ದವನ್ನು ಒರಸಿದರು. “ಲೆಕ್ಕಕ್ಕೆ ಬಿಡಬಹುದು. ಅದಕ್ಕೆ ಸಾಕ್ಷಿ ಈಗ ತೋರಿಸುತ್ತೇನೆ.”

ಸಾಕ್ಷಿ ಪಕ್ಕದ ಪ್ರಯೋಗಾಲಯದಲ್ಲಿತ್ತು. ನೀಲಿ ಪಟ್ಟಿ ಅಂಟಿಸಿದ ಗಾಜಿನ ಸೀಸೆಗಳಲ್ಲಿ ಚುರುಕು ಸಾಲಿನ ಹಣ್ಣುನೊಣ, ಕೆಂಪು ಪಟ್ಟಿಯವುಗಳಲ್ಲಿ ಮಂದ ಸಾಲಿನವು. ಕವಲೊಡೆದ ಒಂದು ಗಾಜಿನ ನಳಿಗೆ. ಒಂದು ಕವಲಿಗೆ ಕರ್ಪೂರದ ವಾಸನೆ, ಇನ್ನೊಂದಕ್ಕೆ ಬಾಳೆಹಣ್ಣಿನದು. ಮೊದಲು ಕರ್ಪೂರದ ವಾಸನೆ ತೋರಿಸುತ್ತಲೇ ನೊಣಗಳಿಗೆ ಸಣ್ಣಗೆ ಕರೆಂಟ್ ಮುಟ್ಟಿಸುತ್ತಾರೆ. ಆಮೇಲೆ ಕವಲಿನ ಬಾಯಲ್ಲಿ ಬಿಡುತ್ತಾರೆ. ಪಾಠ ಕಲಿತ ನೊಣ ಕರ್ಪೂರ ಬಿಟ್ಟು ಬಾಳೆಹಣ್ಣಿನ ಕಡೆ ಹೋಗುತ್ತದೆ. ನೀಲಿ ಸಾಲಿನ ನೂರರಲ್ಲಿ ಎಂಬತ್ತೆರಡು ಸರಿ ಹೋದವು. ಕೆಂಪು ಸಾಲಿನ ನೂರರಲ್ಲಿ ಐವತ್ತೊಂದು, ಅಂದರೆ ಕಣ್ಣು ಮುಚ್ಚಿ ಹೋದ ಹಾಗೆ.

“ಇಪ್ಪತ್ತೆರಡು ವರ್ಷ. ಆರುನೂರಕ್ಕೂ ಹೆಚ್ಚು ಪೀಳಿಗೆ, ಚುರುಕಿಗೆ ಚುರುಕು, ಮಂದಕ್ಕೆ ಮಂದ ಕೂಡಿಸಿದ್ದೇವೆ. ಒಂದೇ ಕೋಣೆ, ಒಂದೇ ಬೆಳಕು, ಒಂದೇ ಆಹಾರ,” ಎಂದರು ಕೊಟಬಾಗಿ. “ಅಂದಮೇಲೆ ಈ ವ್ಯತ್ಯಾಸ ಎಲ್ಲಿಂದ ಬಂತು? ರಕ್ತದಿಂದ. ನೊಣದಲ್ಲಿ ಹೇಗೋ ಮನುಷ್ಯನಲ್ಲೂ ಹಾಗೆ. ಶಾಸಕರೆಲ್ಲ ಇದೇ ಮೇಜಿನ ಸುತ್ತ ನಿಂತು ನೋಡಿದ್ದಾರೆ.”

ಹಿಂದಿನ ಬೆಂಚಿನವರು ತಮ್ಮ ಎದೆಯ ಮೇಲಿನ ಕೆಂಪು ಪಟ್ಟಿಯನ್ನೂ ಸೀಸೆಯ ಮೇಲಿನ ಕೆಂಪು ಪಟ್ಟಿಯನ್ನೂ ನೋಡಿದರು. ಮುಂದಿನ ಬೆಂಚಿನ ಯಾರೋ ಕಿಸಕ್ಕೆಂದರು. ಅಲ್ಲೇ ಮೂಲೆಯಲ್ಲಿ ದ್ಯಾಮವ್ವ ಸೀಸೆಗಳ ಟ್ರೇ ಹಿಡಿದು ನಿಂತಿದ್ದಳು. ಮಗಳ ಕಡೆ ನೋಡಲಿಲ್ಲ.

*

ದ್ಯಾಮವ್ವ ದಿನಗೂಲಿಯ ಮೇಲೆ ಕಸ ಹೊಡೆಯಲು ಬಂದವಳು. ಕೈ ಶುದ್ಧ, ಮಾತು ಕಡಿಮೆ ಎಂದು ನೊಣದ ಅಡುಗೆಮನೆಗೆ ಹಾಕಿದರು. ಗಂಡ ತೀರಿಕೊಂಡು ಹತ್ತು ವರ್ಷವಾದರೂ ಮನೆ ನಡೆದದ್ದು ಈ ಅಡುಗೆಯಿಂದಲೇ. ಅಡುಗೆ ಹೆಚ್ಚುಕಡಿಮೆ ನಮ್ಮ ಸಜ್ಜಕದ್ದೇ. ನೀರು ಕುದಿಸಿ, ಬೆಲ್ಲ ಹಾಕಿ, ರವೆ ಸುರಿದು, ಗಟ್ಟಿಯಾಗಲು ಅಗರ್ ಪುಡಿ ಬೆರೆಸಿ, ಬೂಸಲು ಹಿಡಿಯದಂತೆ ಒಂದು ಚೂರು ಆಮ್ಲ ಬಿಟ್ಟು, ಬಿಸಿ ಇರುವಾಗಲೇ ಸೀಸೆಗೆ ಸುರಿಯಬೇಕು. ಆರಿದ ಮೇಲೆ ಡ್ರಾಪರಿನಿಂದ ಯೀಸ್ಟಿನ ನೀರು ಬಿಡಬೇಕು. ರವೆ ಬೆಲ್ಲ ಬರೀ ಹೊಟ್ಟೆ ತುಂಬಿಸುತ್ತವೆ, ನೊಣದ ಮರಿಹುಳಕ್ಕೆ ಮೈ ಮಿದುಳು ಬೆಳೆಯುವುದು ಯೀಸ್ಟಿನಿಂದ.

ಆರನೆಯ ವಾರ ದ್ಯಾಮವ್ವನ ಬಲಗೈಗೆ ಕುದಿಯುವ ರವೆ ಸಿಡಿದು ಬೊಬ್ಬೆ ಬಂತು. ರಜೆ ಹಾಕಿದರೆ ನೊಣ ಸಾಯುತ್ತವೆ ಎಂದು ಕೈಗೆ ಬಟ್ಟೆ ಸುತ್ತಿಕೊಂಡು ಬಂದಳು. ಮಧ್ಯಾಹ್ನ ಪಾಠವಿಲ್ಲದ ಮಾಳವ್ವ ಡ್ರಾಪರ್ ಕೈಗೆ ತಗೊಂಡಳು.

“ನೀಲಿಗೆ ಮೂರ್ ಮೂರು ಹನಿ ಬಿಡು,” ಎಂದಳು ದ್ಯಾಮವ್ವ ಸ್ಟೂಲಿನ ಮೇಲೆ ಕೂತು. “ಕೆಂಪಿಗೆ ಒಂದ ಸಾಕು.”

ಮಾಳವ್ವ ಎರಡು ಸೀಸೆಗೆ ಬಿಟ್ಟಿದ್ದಳು. ಮೂರನೆಯದರ ಮೇಲೆ ಕೈ ನಿಂತಿತು.

“ಯಾಕವ್ವಾ?”

“ಯಾಕ ಅಂದ್ರ? ಅವು ದಡ್ಡ ನೊಣ. ಎಷ್ಟ ಹಾಕಿದ್ರೂ ಅಷ್ಟ. ಸುಮ್ನ ಯೀಸ್ಟ್ ದಂಡ.”

“ಯಾವಾಗಿಂದ ಹಿಂಗ ಹಾಕ್ತಿ?”

“ಮೊದ್ಲಿಂದ. ನಾ ಬಂದ ವರ್ಷ ಯೀಸ್ಟ್ ಸಾಲದಂಗ ಬಂದಿತ್ತು. ಏನ್ ಮಾಡ್ಲಿರಿ ಸರ್ ಅಂತ ಕೇಳ್ದೆ. ಚುರುಕು ಸಾಲಿಗೆ ಕಡಿಮಿ ಮಾಡಬ್ಯಾಡ, ಉಳಿದದ್ದು ನೋಡ್ಕೋ ಅಂದ್ರು. ನೋಡ್ಕೊಂಡ್ ಬಂದೀನಿ.” ದ್ಯಾಮವ್ವನ ದನಿಯಲ್ಲಿ ಸಣ್ಣ ಹೆಮ್ಮೆಯೂ ಇತ್ತು. “ಇಪ್ಪತ್ತೆರಡು ವರ್ಷದಾಗ ಒಂದಿನ ನೀಲಿಗೆ ಹನಿ ತಪ್ಪಿಸಿಲ್ಲ.”

ಆಮೇಲೆ ಯೀಸ್ಟ್ ಬೇಕಾದಷ್ಟು ಬಂತು. ಆದರೆ ಯಾರೂ ಬಂದು ‘ದ್ಯಾಮವ್ವ, ಇನ್ನು ಎಲ್ಲಕ್ಕೂ ಸಮ ಹಾಕು’ ಅನ್ನಲಿಲ್ಲ. ಅಡುಗೆಮನೆಗೆ ಪ್ರೊಫೆಸರುಗಳು ಕಾಲಿಡುವ ಪದ್ಧತಿಯೇ ಇರಲಿಲ್ಲ. ಆ ವಾಸನೆ ಅವರಿಗೆ ಆಗುತ್ತಿರಲಿಲ್ಲ. ಪ್ರಬಂಧಗಳಲ್ಲಿ ಮಾತ್ರ ಪ್ರತಿ ಸಲ ‘ಒಂದೇ ಆಹಾರ’ ಎಂದು ಬರೆದರು, ದೇಶ ವಿದೇಶಗಳಲ್ಲಿ ಓದಿ ಶಾಲು ಹೊದ್ದು ಬಂದರು.

ಮಾಳವ್ವನಿಗೆ ನಿಂತಲ್ಲೇ ಮೈಯೆಲ್ಲ ಉರಿಯಿತು. ಒಂದು ಹನಿ. ಅವಳನ್ನು ಹನ್ನೊಂದು ವರ್ಷ ಮೂವತ್ತೆಂಟು ಎಂದು ಕರೆದದ್ದು, ಕನ್ನಡ ಶಾಲೆಯ ಮಾಸ್ತರು ‘ನಿನಗ್ಯಾಕ ಗಣಿತ’ ಎಂದದ್ದು, ಎದೆಯ ಮೇಲೆ ಈ ಪಟ್ಟಿ ಬಿದ್ದದ್ದು, ಎಲ್ಲದರ ಬುಡದಲ್ಲಿ ಯಾರೂ ಬಂದು ನೋಡದ ಒಂದು ಡ್ರಾಪರ್. ಆ ಡ್ರಾಪರ್ ಅವಳ ಅವ್ವನ ಕೈಯಲ್ಲೇ ಇತ್ತು ಎಂಬುದು ಇನ್ನೂ ಕೆಟ್ಟ ಸಿಟ್ಟು ತರಿಸಿತು.

ಅವಳು ಸೀಸೆಗಳ ಕೆಲಸ ಮುಗಿಸಿದಳು. ಪ್ರಾಯೋಗಿಕ ತರಗತಿ ತೆಗೆದುಕೊಳ್ಳುವ ಜುಬೇದಾ ಮೇಡಂ ಹತ್ತಿರ ಹೋದಳು. ಜುಬೇದಾ ಮುಲ್ಲಾ ಒಂಬತ್ತು ವರ್ಷದಿಂದ ಅತಿಥಿ ಉಪನ್ಯಾಸಕಿ. ಪ್ರತಿ ಜೂನ್‌ನಲ್ಲಿ ಕೆಲಸ ಹೋಗಿ ಪ್ರತಿ ಆಗಸ್ಟ್‌ನಲ್ಲಿ ಬರುವವರು. ಕೇಳಿ ಅವರು ಕನ್ನಡಕ ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸಿದರು.

“ನನ್ನ ನೌಕರಿ ಹೋಗ್ತದ,” ಎಂದರು. ಕನ್ನಡಕ ಹಾಕಿಕೊಂಡು, “ಹೆಂಗೂ ಜೂನಿಗೆ ಹೋಗೂದ ಅದ. ನಿನ್ನ ಕಿರುಯೋಜನೆಗೆ ಏನ್ ಹೆಸರು ಇಡ್ತಿ?”

“ನೊಣದ ಆಹಾರ ಮತ್ತು ಗಾತ್ರ.”

“ಗಾತ್ರ ಅಂತ ಇರ್ಲಿ. ಸಹಿ ಮಾಡ್ತೀನಿ. ಆದ್ರ ಒಂದ ಮಾತು ಮಾಳವ್ವ, ಸಿಟ್ಟು ತಗೊಂಡು ಎಣಿಸಬ್ಯಾಡ. ಎಣಿಸಿ ಆದಮ್ಯಾಲೆ ಸಿಟ್ಟಾಗು.”

*

ಹಣ್ಣುನೊಣದ ಪೀಳಿಗೆ ಹನ್ನೆರಡು ದಿನಕ್ಕೊಂದು. ಮಾಳವ್ವ ಅವ್ವನ ಟ್ರೇಯಿಂದ ನೀಲಿಯ ಹತ್ತು ಸೀಸೆ, ಕೆಂಪಿನ ಹತ್ತು ಸೀಸೆ ತೆಗೆದಳು. ನೀಲಿಯ ಐದಕ್ಕೆ ಒಂದೇ ಹನಿ, ಐದಕ್ಕೆ ಮೂರು. ಕೆಂಪಿನ ಐದಕ್ಕೆ ಮೂರು, ಐದಕ್ಕೆ ಒಂದು. ಯಾವುದು ಯಾವುದೆಂದು ಎಣಿಸುವಾಗ ತನಗೇ ತಿಳಿಯಬಾರದೆಂದು ಜುಬೇದಾ ಮೇಡಂ ಕೈಯಿಂದ ಪಟ್ಟಿಗಳ ಮೇಲೆ ಬೇರೆ ಸಂಖ್ಯೆ ಹಚ್ಚಿಸಿದಳು. ಈಥರ್ ಹಾಕಿ ಮಲಗಿಸುವುದು, ಕುಂಚದ ತುದಿಯಿಂದ ಗಂಡು ಹೆಣ್ಣು ಬೇರೆ ಮಾಡುವುದು, ಕವಲು ನಳಿಗೆಯ ಮುಂದೆ ಕೂತು ಒಂದು, ಎರಡು ಎಂದು ಗೀಟು ಹಾಕುವುದು. ಮುಂದಿನ ಬೆಂಚಿನವರು ಕ್ಯಾಂಟೀನಿನಲ್ಲಿದ್ದಾಗ ಅವಳು ನೊಣ ಎಣಿಸಿದಳು.

ಮೂರು ಪೀಳಿಗೆಯಾದ ಮೇಲೆ ಪಟ್ಟಿ ಬಿಚ್ಚಿದರು. ಮೂರು ಹನಿ ಉಂಡ ನೀಲಿ, ಎಂಬತ್ತೊಂದು. ಮೂರು ಹನಿ ಉಂಡ ಕೆಂಪು, ಎಪ್ಪತ್ತೊಂಬತ್ತು. ಒಂದು ಹನಿಯ ಕೆಂಪು, ಐವತ್ತು. ಒಂದು ಹನಿಯ ನೀಲಿ, ಆರುನೂರು ಪೀಳಿಗೆಯ ಕುಲೀನ ನೀಲಿ, ಐವತ್ತಮೂರು.

ಜುಬೇದಾ ಮೇಡಂ ಆ ನಾಲ್ಕು ಅಂಕಿಗಳನ್ನು ಎರಡು ಸಲ ಓದಿದರು.

“ಈಗ ಸಿಟ್ಟಾಗು,” ಎಂದರು.

*

ಪರಿಶೀಲನಾ ಸಮಿತಿ ಡಿಸೆಂಬರಿನ ಒಂದು ಬೆಳಿಗ್ಗೆ ಸೇರಿತು. ಅಧ್ಯಕ್ಷರು ನಿವೃತ್ತ ಅಧಿಕಾರಿ, ಗೋಡಂಬಿ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು ಕೂತಿದ್ದರು. ಪಕ್ಕದಲ್ಲಿ ಕೊಟಬಾಗಿಯವರೇ. ಅವರ ನೊಣವನ್ನು ಅವರೇ ಪರಿಶೀಲಿಸುವುದರಲ್ಲಿ ಯಾರಿಗೂ ಮುಜುಗರ ಕಾಣಲಿಲ್ಲ. ಮಾಳವ್ವನ ಆಂತರಿಕ ಪರೀಕ್ಷೆಗಳ ಅಂಕಪಟ್ಟಿಯಲ್ಲಿ ಎಲ್ಲ ವಿಷಯದಲ್ಲೂ ಎಂಬತ್ತರ ಮೇಲಿತ್ತು. ಅಧ್ಯಕ್ಷರು ಅದನ್ನು ಮಗುಚಿ ಹಾಕಿ, “ಕಿರುಯೋಜನೆ ಏನು?” ಎಂದರು.

ಅವಳು ರೆಕಾರ್ಡ್ ಪುಸ್ತಕ ತೆರೆದು ಓದಿದಳು. ಉದ್ದೇಶ, ಸಾಮಗ್ರಿ, ವಿಧಾನ, ಅಂಕಿ.

ಕೊಟಬಾಗಿಯವರು ರೆಕಾರ್ಡನ್ನು ಕೈಗೆ ತಗೊಂಡು ಹಾಳೆ ತಿರುವಿದರು. ಅವರಿಗೆ ಅರ್ಥವಾಯಿತು. ಅರ್ಥವಾದದ್ದು ಮಾಳವ್ವನಿಗೂ ಕಂಡಿತು, ಅವರ ಬೆರಳು ಆ ನಾಲ್ಕನೆಯ ಅಂಕಿಯ ಮೇಲೆ ನಿಂತುಬಿಟ್ಟಿತ್ತು. ಆದರೆ ತಲೆ ಎತ್ತಿದಾಗ ಮುಖ ಇಸ್ತ್ರಿ ಮಾಡಿದ ಹಾಗೇ ಇತ್ತು.

“ಆಸಕ್ತಿಕರ. ಆದರೆ ನೊಣದ ವಿಚಾರವನ್ನು ಮನುಷ್ಯನ ಅಂಕಕ್ಕೆ ತಂದು ಜೋಡಿಸುವುದು ಬಾಲಿಶ. ನೊಣ ಬೇರೆ, ಮನುಷ್ಯ ಬೇರೆ.”

“ಇಪ್ಪತ್ತೆರಡು ವರ್ಷ ಎರಡೂ ಒಂದ ಅಂದ್ರಿ, ಸರ್,” ಎಂದಳು ಮಾಳವ್ವ. “ನಮ್ಮ ಬಾಯಾಗ ಕಡ್ಡಿ ಇಡೂ ಮುಂದ ಒಂದಿದ್ದದ್ದು ಇವತ್ತ ಬ್ಯಾರೆ ಆತ?”

ಅಧ್ಯಕ್ಷರು ದ್ಯಾಮವ್ವನನ್ನು ಕರೆಸಿದರು. ಅವಳು ಚಪ್ಪಲಿ ಹೊರಗೆ ಬಿಟ್ಟು ಬಂದಳು. ಹನಿ ಕಡಿಮೆ ಹಾಕಲು ಯಾರು ಹೇಳಿದರು ಎಂದು ಕೇಳಿದ್ದಕ್ಕೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು.

“ನನಗೆ ಅಂಥ ನೆನಪಿಲ್ಲ,” ಎಂದರು ಕೊಟಬಾಗಿ.

ದ್ಯಾಮವ್ವ ಅವರ ಮುಖ ನೋಡಿದಳು. “ಅವತ್ತ ನಿಮಗ ಜ್ವರ ಇತ್ರಿ ಸರ್. ಮಫ್ಲರ್ ಸುತ್ಕೊಂಡಿದ್ರಿ. ನಾನ ಚಾ ಕಾಸಿ ಕೊಟ್ಟಿದ್ದೆ,” ಎಂದಳು. ಅವರು ಕಿಟಕಿಯ ಕಡೆ ತಿರುಗಿದರು.

ಅಧ್ಯಕ್ಷರು ಹೆಂಗಸರಿಬ್ಬರನ್ನೂ ಹೊರಗೆ ಕೂರಿಸಿ ಒಂದು ಗಂಟೆ ಬಾಗಿಲು ಹಾಕಿಕೊಂಡರು. ಆಮೇಲೆ ಮಾಳವ್ವನನ್ನು ಮಾತ್ರ ಒಳಗೆ ಕರೆದು ಒಂದು ಟೈಪು ಮಾಡಿದ ಹಾಳೆ ಕೊಟ್ಟರು. ‘ಕಳೆದ ಎರಡು ವರ್ಷಗಳಿಂದ ಅಟೆಂಡರ್ ದ್ಯಾಮವ್ವ ಇವರು ಸ್ವಂತ ನಿರ್ಲಕ್ಷ್ಯದಿಂದ ಆಹಾರದಲ್ಲಿ ವ್ಯತ್ಯಾಸ ಮಾಡಿದ್ದು, ಮೂಲ ಸಂಶೋಧನೆಗೆ ಇದರಿಂದ ಬಾಧಕವಿಲ್ಲ.’ ಕೆಳಗೆ, ತಪ್ಪನ್ನು ಪತ್ತೆ ಹಚ್ಚಿದವಳೆಂದು ಅವಳ ಸಹಿಗೆ ಜಾಗ.

“ಎರಡು ವರ್ಷ ಅಲ್ರಿ, ಇಪ್ಪತ್ತೆರಡು,” ಎಂದಳು.

“ನಾಳೆ ಹನ್ನೊಂದಕ್ಕೆ ತಂದುಕೊಡು,” ಎಂದರು ಅಧ್ಯಕ್ಷರು ಮೃದುವಾಗಿ. “ವಿಶೇಷ ಪ್ರತಿಭೆ ಎಂದು ನಿನ್ನ ಸೀಟು ಖಾಯಂ. ಮೂರು ವರ್ಷವೂ ಓದಬಹುದು. ಇಂಥ ಬುದ್ಧಿ ಇರುವವಳು ಸಣ್ಣ ವಿಷಯಕ್ಕೆ ಭವಿಷ್ಯ ಕೆಡಿಸಿಕೊಳ್ಳಬಾರದು.”

ಬೆಳಿಗ್ಗೆ ಮೂವತ್ತೆಂಟು ಇದ್ದದ್ದು ಮಧ್ಯಾಹ್ನಕ್ಕೆ ‘ಇಂಥ ಬುದ್ಧಿ’ ಆಗಿತ್ತು. ಎಂಜಲೂ ಬೇಕಾಗಿರಲಿಲ್ಲ.

*

ಮನೆ ಕ್ಯಾಂಪಸ್ಸಿನ ಹಿಂದಿನ ನೌಕರರ ಸಾಲಿನಲ್ಲಿ, ಒಂದು ಕೋಣೆ, ಒಂದು ಅಡುಗೆಮನೆ. ಹೆಚ್ಚಿನ ಅಂಕದವರಿಗೆಂದೇ ಇದ್ದ ಆಯ್ಕೆ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಮಾಲತೇಶ ಆ ದಿನ ಊರಿಗೆ ಬಂದಿದ್ದ. ಸಂಜೆ ಮೂವರೂ ಉಣ್ಣಲು ಕೂತರು. ದ್ಯಾಮವ್ವ ರೊಟ್ಟಿ ಹಾಕಿದಳು, ಬದನೆಕಾಯಿ ಪಲ್ಯ ಹಾಕಿದಳು, ಬೇಯಿಸಿದ ಮೊಟ್ಟೆ ಸುಲಿದು ಮಾಲತೇಶನ ತಾಟಿಗೆ ಇಟ್ಟಳು. ಹನ್ನೊಂದು ವರ್ಷದಿಂದ ಹಾಗೇ ಇಟ್ಟ ಕೈ.

“ಸಹಿ ಮಾಡು,” ಎಂದಳು ಮಗಳಿಗೆ. “ನಂದ ತಪ್ಪು ಅಂತ ಬರ್ಕೊಳ್ಲಿ. ಬಾಳ ಅಂದ್ರ ಕೆಲ್ಸದಿಂದ ತೆಗಿತಾರ. ನಾ ಎಲ್ಲ್ಯಾರ ಕಸ ಹೊಡಿತೀನಿ. ನೀ ಓದು. ಬಡವನ ಸಿಟ್ಟು ದವಡೆಗೆ ಮೂಲ, ಯವ್ವಾ.”

ಮಾಳವ್ವ ಮೊಟ್ಟೆಯನ್ನೇ ನೋಡುತ್ತಿದ್ದಳು.

“ಅವ್ವಾ, ಆ ಮೊಟ್ಟಿ ಯಾಕ ಅವನಿಗೆ?”

ದ್ಯಾಮವ್ವನ ಕೈಯಲ್ಲಿ ಮೊಟ್ಟೆಯ ಸಿಪ್ಪೆ ಹಾಗೇ ಇತ್ತು.

“ನನಗ ಎಂಟು ವರ್ಷ ಇದ್ದಾಗ ಕೇಳಿದ್ನಿ. ನಿನಗ ಎಷ್ಟ ಹಾಕಿದ್ರೂ ಅಷ್ಟ ಅಂದಿದ್ದಿ. ಮೊನ್ನೆ ಕೆಂಪು ಸೀಸೆ ಬಗ್ಗೆನೂ ಅದನ್ನ ಅಂದಿ. ಅದ ಮಾತು, ಅದ ದನಿ.” ಅವಳು ಮೊಟ್ಟೆಯಿಂದ ಕಣ್ಣು ತೆಗೆದು ಅವ್ವನ ಕಡೆ ತಿರುಗಿದಳು. “ಕೊಟಬಾಗಿ ಸರ್ ನೊಣಕ್ಕ ಮಾಡಿದ್ರು. ನೀ ಹೊಟ್ಯಾಗ ಹುಟ್ಟಿದ ಮಗಳಿಗೆ ಮಾಡಿದಿ.”

“ಕಾಗದದಾಗ ಬರದಿತ್ತು,” ಎಂದಳು ದ್ಯಾಮವ್ವ. ದನಿ ಎಲ್ಲಿಂದಲೋ ಬಂದ ಹಾಗಿತ್ತು. “ದಿನಕ್ಕ ಒಂದ ಮೊಟ್ಟಿ ತರೂವಷ್ಟ ಇತ್ತು. ಯಾರಿಗೆ ಹಾಕ್ಲಿ? ಕಾಗದದಾಗ ಅವನ ಹೆಸರು ಬರದಿತ್ತು. ನಾ ಏನ್ ಓದಿದಾಕಿ? ಓದಿದವರ ಬರದಿದ್ರು.”

ಮಾಲತೇಶ ತಾಟನ್ನು ದೂಡಿದ. “ನಾ ಎರಡು ವರ್ಷದಿಂದ ಗಣಿತದಾಗ ಫೇಲ್ ಆಗೇನಿ, ಅವ್ವಾ,” ಎಂದ ಮೆಲ್ಲಗೆ. “ಹೇಳಿಲ್ಲ. ಎಪ್ಪತ್ತನಾಲ್ಕು ಇದ್ದವ ಫೇಲ್ ಆದ್ರ ಸೋಮಾರಿ ಅಂತಾರ. ದಿನಾ ನಿಲ್ಲಿಸಿ ಬೈತಾರ. ನನಗ ತಲಿಗೆ ಹತ್ತೂದಿಲ್ಲ ಅಂದ್ರ ಒಬ್ರೂ ನಂಬೂದಿಲ್ಲ.”

ಯಾರೂ ಉಣ್ಣಲಿಲ್ಲ. ಮೊಟ್ಟೆ ತಾಟಿನಲ್ಲಿ ಆರಿತು. ದ್ಯಾಮವ್ವ ಗೋಡೆಗೆ ಒರಗಿ ಮಕ್ಕಳಿಬ್ಬರನ್ನೂ ಸರದಿಯಂತೆ ನೋಡಿದಳು. ಇಪ್ಪತ್ತೆರಡು ವರ್ಷ ಒಂದು ಹನಿ ಹೆಚ್ಚುಕಡಿಮೆ ಮಾಡದೆ ಹೇಳಿದಂತೆ ನಡೆದವಳು. ಮಗಳ ತೋಳು ಹಿಡಿದು ಬೆರಳಲ್ಲಿ ಅಳೆದಂತೆ ಸುತ್ತಿದಳು. ಬೆರಳು ಬೆರಳಿಗೆ ಸೇರಿತು. ಆಗ ಅವಳು ಅತ್ತಳು. ಮಾಳವ್ವ ಕೈ ಬಿಡಿಸಿಕೊಳ್ಳಲಿಲ್ಲ.

*

ಮರುದಿನ ಹನ್ನೊಂದಕ್ಕೆ ಅವಳು ಹಾಳೆ ಕೊಟ್ಟಳು. ‘ಎರಡು’ ಎಂಬುದನ್ನು ಹೊಡೆದು ‘ಇಪ್ಪತ್ತೆರಡು’ ಎಂದು ತಿದ್ದಿದ್ದಳು. ‘ಸ್ವಂತ ನಿರ್ಲಕ್ಷ್ಯದಿಂದ’ ಎಂಬಲ್ಲಿ ‘ಪ್ರೊಫೆಸರ್ ಕೊಟಬಾಗಿಯವರ ಮಾತಿನಂತೆ’ ಎಂದು ಬರೆದಿದ್ದಳು. ‘ಬಾಧಕವಿಲ್ಲ’ ಎಂಬುದರ ಕೊನೆಯ ಅಕ್ಷರ ಅಳಿಸಿ ‘ಬಾಧಕವಿದೆ’ ಮಾಡಿದ್ದಳು. ಕೆಳಗೆ ದುಂಡಗೆ ಸಹಿ.

ಅಧ್ಯಕ್ಷರು ಓದಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದರು. “ಇದರ ಪರಿಣಾಮ ಗೊತ್ತಲ್ಲ?”

“ಗೊತ್ರಿ,” ಎಂದಳು ಮಾಳವ್ವ. ಕೊಟಬಾಗಿಯವರ ಕಡೆ ತಿರುಗಿದಳು. “ಸರ್, ಮೊದಲ ದಿನ ಬೋರ್ಡ್ ಮ್ಯಾಲೆ ಒಂದು ಶಬ್ದ ಒರಸಿದ್ರಿ. ನನ್ನ ನೋಟ್ಸಿನಾಗ ಅದು ಹಂಗ ಐತಿ. ನಾ ಒರಸಿಲ್ಲ.”

ಮೂರು ಗಂಟೆಗೆ ಅವಳ ಸೀಟು ಹೋಯಿತು. ನಾಲ್ಕಕ್ಕೆ ದ್ಯಾಮವ್ವನನ್ನು ಅಮಾನತು ಮಾಡಿದರು. ಜುಬೇದಾ ಮೇಡಂಗೆ ಜೂನ್ ಆರು ತಿಂಗಳು ಮೊದಲೇ ಬಂತು. ಹೊಸದಾಗಿ ಬಂದ ಅಟೆಂಡರಿಗೆ ಲಿಖಿತ ಆದೇಶ ಹೋಯಿತು: ಸಂಶೋಧನೆಯ ಸಾತತ್ಯಕ್ಕಾಗಿ ಎರಡೂ ಸಾಲಿಗೆ ಹಿಂದಿನ ಪದ್ಧತಿಯಲ್ಲೇ ಆಹಾರ ಕೊಡತಕ್ಕದ್ದು. ಓದಿದವರು ಬರೆದದ್ದು.

ಆದರೆ ಒಂದು ಮರೆತಿದ್ದರು. ಹಣ್ಣುನೊಣ ಸಾಕಲು ವಿಶ್ವವಿದ್ಯಾಲಯ ಬೇಕಿಲ್ಲ. ರವೆ ಬೆಲ್ಲ ಎಲ್ಲ ಅಂಗಡಿಯಲ್ಲಿ ಸಿಗುತ್ತವೆ, ಯೀಸ್ಟ್ ಬೇಕರಿಯಲ್ಲಿ ಸಿಗುತ್ತದೆ. ಆ ವಾರ ಪ್ರಾಯೋಗಿಕ ಪರೀಕ್ಷೆ ಮುಗಿಸಿ ಬಂದ ಹಿಂದಿನ ಬೆಂಚಿನ ಇಪ್ಪತ್ತೈದು ಜನರ ಚೀಲದಲ್ಲೂ ಹತ್ತಿ ತುರುಕಿದ ಒಂದೊಂದು ನೀಲಿ ಸೀಸೆ, ಒಂದೊಂದು ಕೆಂಪು ಸೀಸೆ ಇದ್ದವು. ಭಾನುವಾರ ಅವರೆಲ್ಲ ನೌಕರರ ಸಾಲಿನ ಆ ಮನೆಯ ಮುಂದೆ ಸೇರಿದರು. ಕೆಲವರು ಜಾಮ್ ಬಾಟಲಿ ತೊಳೆದು ತಂದಿದ್ದರು, ಕೆಲವರು ಉಪ್ಪಿನಕಾಯಿಯದ್ದು. ಊರೂರಿಗೆ ಒಯ್ದು, ಎಂಜಲ ಪೆಟ್ಟಿಗೆ ಬಂದ ಶಾಲೆಗಳ ಜಗುಲಿಯ ಮೇಲೆ ನೊಣ ಬಿಟ್ಟು ತೋರಿಸುವುದು ಎಂದು ಮಾಳವ್ವ ಗೊತ್ತು ಮಾಡಿದ್ದಳು. ಜುಬೇದಾ ಮೇಡಂ ಅಂಗಳದಲ್ಲಿ ಕೂತು ಕವಲು ನಳಿಗೆಗೆ ಬದಲು ಕುಡಿಯುವ ಸ್ಟ್ರಾ ಜೋಡಿಸುತ್ತಿದ್ದರು. ಮಾಲತೇಶ ಒಲೆಯ ಮುಂದೆ ರವೆ ತಿರುವುತ್ತಿದ್ದ.

ದ್ಯಾಮವ್ವ ನಡುವೆ ನಿಂತು ಅಳತೆ ಹೇಳಿದಳು. ಇಷ್ಟು ನೀರಿಗೆ ಇಷ್ಟು ಬೆಲ್ಲ, ಗಂಟು ಕಟ್ಟದಂತೆ ಹೀಗೆ ಕೈಯಾಡಿಸಬೇಕು, ಬಿಸಿ ಇದ್ದಾಗ ಹತ್ತಿ ಹಾಕಬಾರದು, ಬೆವರುತ್ತದೆ. ಪದವಿ ತರಗತಿಯ ಮಕ್ಕಳು ಮರು ಮಾತಿಲ್ಲದೆ ಬರೆದುಕೊಂಡರು. ಕೊನೆಗೆ ಯೀಸ್ಟಿನ ಲೋಟ, ಡ್ರಾಪರ್ ಬಂದವು.

“ಅವ್ವಾರ,” ಎಂದಳು ರಾಣೆಬೆನ್ನೂರಿನ ಒಬ್ಬ ಹುಡುಗಿ ಪೆನ್ನು ಎತ್ತಿ, “ಹೋಲಿಸಿ ತೋರ್ಸಾಕ ಅರ್ಧ ಸೀಸೆಗೆ ಒಂದ ಹನಿ ಹಾಕ್ಬೇಕಲ್ರಿ. ಯಾವ್ಯಾವಕ್ಕ ಹಾಕೂದು?”

ಮಾಳವ್ವ ಉತ್ತರ ಹೇಳಲು ಬಾಯಿ ತೆರೆದಳು. ಪ್ರಯೋಗದ ನಿಯಮ ಅದೇ, ಹೋಲಿಕೆ ಇಲ್ಲದೆ ಸಾಕ್ಷಿ ಇಲ್ಲ. ಅಷ್ಟರಲ್ಲಿ ದ್ಯಾಮವ್ವ ಡ್ರಾಪರನ್ನು ಆ ಹುಡುಗಿಯ ಕೈಯಿಂದ ತಗೊಂಡಳು. ಅವಳ ಬಲಗೈಯ ಸುಟ್ಟ ಗಾಯ ಒಣಗಿ ಕಪ್ಪಾಗಿತ್ತು.

“ಒಂದು ಹನಿದು ಇಪ್ಪತ್ತೆರಡು ವರ್ಷ ನಾ ಮಾಡಿ ತೋರ್ಸೀನಿ. ಮನ್ಯಾಗೂ ಹನ್ನೊಂದು ವರ್ಷ ಮಾಡೀನಿ,” ಎಂದಳು. “ಯಾರಿಗೆ ಸಾಕ್ಷಿ ಬೇಕೋ ನನ್ನ ಕರೀರಿ, ಯಾವ ಊರಿಗಾದ್ರೂ ಬಂದು ನಿಂತು ಹೇಳ್ತೀನಿ. ಇನ್ನ ಯಾವ ಸೀಸೆಗೂ ಒಂದು ಹನಿ ಹಾಕೂದಿಲ್ಲ. ಎಲ್ಲಾಕೂ ಮೂರು ಬಿಡ್ರಿ.”